ಕೊಡದಲ್ಲಿ ಕರಗಿದ ಹೆಸರು

ನಮ್ಮೂರಿನ ಬಾವಿಕಟ್ಟೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಮಾತು ನೀರಿಗೆ ಬೀಳುತ್ತದೆ, ಬಿದ್ದದ್ದು ಕರಗುತ್ತದೆ, ಕರಗಿದ್ದನ್ನು ಮರುದಿನ ಬೀದಿಗೆ ಬೀದಿಯೇ ಕಾಫಿಯ ಜೊತೆ ಕುಡಿಯಬೇಕಾಗುತ್ತದೆ. ಅದಕ್ಕೇ ಹೆಂಗಸರು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೀರು ಸೇದುತ್ತಾರೆ. ಗಂಡಸರು ಗೊಣಗಾಟವನ್ನೆಲ್ಲ ದಾರಿಯಲ್ಲೇ ಮುಗಿಸಿಕೊಂಡು ಬರುತ್ತಾರೆ. ಹೊಸದಾಗಿ ಮದುವೆಯಾಗಿ ಹೊರಗಿನಿಂದ ಬಂದ ಸೊಸೆಯೊಬ್ಬಳು ಇದನ್ನು ನಂಬದೆ, ಹಗ್ಗ ಎಳೆಯುತ್ತ ಎಳೆಯುತ್ತ ಅತ್ತೆಯ ಮೂಗಿನ ಬಗ್ಗೆ ಒಂದು ಮಾತು ಆಡಿಬಿಟ್ಟಳು. ಮಾರನೆಯ ಬೆಳಿಗ್ಗೆ ಅತ್ತೆ ಮಾತ್ರವಲ್ಲ, ಅತ್ತೆಯ ಮನೆಗೆ ಬಂದಿದ್ದ ನೆಂಟರೂ ಅದನ್ನು ಉಪ್ಪಿಟ್ಟಿನಲ್ಲಿ ತಿಂದರು. ಈಗ ಆ ಸೊಸೆ ಇಡೀ ಬೀದಿಯಲ್ಲಿ ಎಲ್ಲರಿಗಿಂತ ಬಿಗಿಯಾಗಿ ಸೆರಗು ಕಚ್ಚುತ್ತಾಳೆ.

ನಾನು ಇಲ್ಲಿನ ಶಾಲೆಯಲ್ಲಿ ವಿಜ್ಞಾನದ ಟೀಚರ್. ಏಳನೆಯ ತರಗತಿಗೆ ದ್ರಾವಣಗಳ ಪಾಠ ಬಂತೆಂದರೆ ನನಗೆ ಹಬ್ಬ. ಪಠ್ಯಪುಸ್ತಕ ಹೊರಗಿನಿಂದ ಬರುವುದರಿಂದ ಅದರಲ್ಲಿ ಉಪ್ಪು, ಸಕ್ಕರೆ ಎಂದೆಲ್ಲ ಉದಾಹರಣೆ ಕೊಟ್ಟಿರುತ್ತಾರೆ. ನಮ್ಮ ಮಕ್ಕಳು ಕಣ್ಣರಳಿಸಿ, "ಟೀಚರ್, ಉಪ್ಪೂ ಕರಗತ್ತಾ?" ಎಂದು ಕೇಳುತ್ತವೆ. ದಿನಾ ಸಾರು ಸುರಿದುಕೊಂಡು ಉಣ್ಣುವ ಮಕ್ಕಳು! ನಾನು ಪುಸ್ತಕ ಮುಚ್ಚಿಟ್ಟು ಹೇಳುತ್ತೇನೆ: "ನಿಮ್ಮಮ್ಮ ಬೈದದ್ದು ದ್ರಾವ್ಯ. ಬಿಂದಿಗೆಯ ನೀರು ದ್ರಾವಕ. ನೀನು ಮುಖ ಹಿಂಡಿಕೊಂಡು ಕುಡಿದೆಯಲ್ಲ, ಅದು ದ್ರಾವಣ." ಆಮೇಲೆ ಎಲ್ಲವೂ ಸಲೀಸು. ಕೂಗಿದ ಮಾತಿಗಿಂತ ಪಿಸುಮಾತು ಬೇಗ ಕರಗುತ್ತದೆ, ಬೆಲ್ಲದ ಅಚ್ಚಿಗಿಂತ ಬೆಲ್ಲದ ಪುಡಿ ಬೇಗ ಕರಗುವ ಹಾಗೆ. ಕಲಕಿದರೆ ಇನ್ನೂ ಬೇಗ. ತಣ್ಣೀರಿಗಿಂತ ಬಿಸಿನೀರಿಗೆ ಹೆಚ್ಚು ಮಾತು ಹಿಡಿಸುತ್ತದೆ. ಎಣ್ಣೆಯಲ್ಲಿ ಮಾತು ಕರಗುವುದೇ ಇಲ್ಲ, ಆದ್ದರಿಂದ ಊರಿನ ಗುಟ್ಟುಗಳೆಲ್ಲ ಗಾಣದ ಮನೆಯಲ್ಲಿ ಬಿಚ್ಚಿಕೊಳ್ಳುತ್ತವೆ. ಆವಿಗೆ ಮಾತನ್ನು ಹೊರುವ ಶಕ್ತಿಯಿಲ್ಲ. ಹೋಟೆಲಿನವರು ನೀರನ್ನು ಕುದಿಸಿ, ಆವಿಯನ್ನು ತಣಿಸಿ, ತಲೆನೋವಿನವರಿಗೆಂದು "ಬರಿನೀರು" ಮಾರುತ್ತಾರೆ. ಒಂದು ಲೋಟ ಕುಡಿದರೆ ತಲೆಯೊಳಗೆ ಗುಡಿಸಿ ಸಾರಿಸಿದ ಹಾಗಾಗುತ್ತದೆ. ಇನ್ನು ಕನ್ನಡದ ಮೇಷ್ಟ್ರು "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದರೆ ನಮ್ಮ ಮಕ್ಕಳು ಮುತ್ತಿನ ಅರ್ಧವನ್ನು ಮಾತ್ರ ಬರೆದು ಎದ್ದುಬಿಡುತ್ತವೆ. ಮಾತಿನ ಅರ್ಧ ಅವಕ್ಕೆ ಶುದ್ಧ ಸುಳ್ಳಾಗಿ ಕಾಣುತ್ತದೆ.

ಈ ಪಾಠ ನಡೆಯುತ್ತಿದ್ದಾಗಲೇ ಒಂದು ಮಧ್ಯಾಹ್ನ ದಾಕ್ಷಾಯಣಮ್ಮ ಶಾಲೆಗೆ ಬಂದರು. ಕೈಯಲ್ಲಿ ಲೋಟ, ಲೋಟದ ಮೇಲೆ ತಟ್ಟೆ, ತಟ್ಟೆಯ ಮೇಲೆ ಅವರದೇ ಇನ್ನೊಂದು ಕೈ. ಅವರು ಮೂಲೆಮನೆಯ ಟೈಲರ್ ಚನ್ನವೀರಪ್ಪನವರ ಹೆಂಡತಿ. ದುಂಡು ಮುಖ, ದೊಡ್ಡ ನಗು, ಇಡೀ ಬೀದಿಯ ಬಾಣಂತಿಯರಿಗೆ ಕೇಳದೆಯೇ ಸಲಹೆ ಕೊಡುವ ಜೀವ. ಆವತ್ತು ಆ ನಗು ಇರಲಿಲ್ಲ. ಮಕ್ಕಳು ಆಟಕ್ಕೆ ಹೋಗುವವರೆಗೂ ಬಾಗಿಲ ಬಳಿ ಕಾದಿದ್ದು ಒಳಗೆ ಬಂದು, ಲೋಟವನ್ನು ನನ್ನ ಮೇಜಿನ ಮೇಲಿಟ್ಟರು.

"ಒಂದ್ ಗುಟುಕು ಕುಡಿದ್ ನೋಡಿ ಟೀಚರ್," ಎಂದರು.

ಕುಡಿದೆ. ಮೊದಲು ಕೇಳಿಸಿದ್ದು ಹೆಂಗಸಿನ ಗಂಟಲು. "ಕೊತ್ತಂಬ್ರೀ... ಮೆಂತ್ಯಾ... ಸಬ್ಸಿಗೇ..."

"ಇದು ನಮ್ಮ ಸೊಪ್ಪಿನ ಹೊನ್ನಮ್ಮ ಅಲ್ವಾ?" ಎಂದೆ.

"ಅವಳೇ. ಅವಳ ಹಿಂದೆ ಇವ್ರಿದಾರೆ. ಸ್ವಲ್ಪ ಹುಡುಕಿ."

ಕಣ್ಣು ಮುಚ್ಚಿಕೊಂಡು ಹುಡುಕಿದೆ. ದೂರದಲ್ಲಿ, ಎರಡು ಗೋಡೆಗಳಾಚೆ ಯಾರೋ ಮಾತಾಡಿದ ಹಾಗೆ ಗಂಡಸಿನ ದನಿಯೊಂದಿತ್ತು. ಏನು ಹೇಳುತ್ತಿದೆ ಎಂಬುದು ಮಾತ್ರ ತಿಳಿಯಲಿಲ್ಲ. ನಾನು ತಲೆ ಅಲ್ಲಾಡಿಸಿದ್ದೇ ತಡ, ದಾಕ್ಷಾಯಣಮ್ಮ ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತರು.

ಚನ್ನವೀರಪ್ಪನವರಿಗೆ ಹುಟ್ಟಿನಿಂದಲೂ ತೊದಲು. ಅಂಗಡಿಯಲ್ಲಿ ಸದಾ ತುಟಿಗಳ ನಡುವೆ ನಾಲ್ಕಾರು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದರು. ಅಳತೆಗೆ ನಿಂತವರು, ಪಾಪ ಬಾಯಲ್ಲಿ ಸೂಜಿ ಇದೆ, ಹೇಗೆ ಮಾತಾಡಿಯಾರು ಎಂದುಕೊಳ್ಳುತ್ತಿದ್ದರು. ಅದಕ್ಕಾಗಿಯೇ ಅವರು ಸೂಜಿ ಕಚ್ಚುತ್ತಿದ್ದದ್ದು. ಇಂಥವರಿಗೆ ಸಿಕ್ಕ ಹೆಂಡತಿಯ ಹೆಸರಾದರೂ ಪುಟ್ಟದಾಗಿರಬಾರದೇ? ದಾಕ್ಷಾಯಣಿ! ಸರಾಗ ನಾಲಿಗೆಯವರೂ ಒಮ್ಮೆ ಉಸಿರು ತೆಗೆದುಕೊಂಡು ಹೇಳಬೇಕಾದ ಹೆಸರು. ಮದುವೆಯಲ್ಲಿ ಹೆಸರು ಹೇಳುವ ಶಾಸ್ತ್ರದಲ್ಲಿ "ದ" ಎಂಬಲ್ಲಿಗೆ ನಿಂತ ಚನ್ನವೀರಪ್ಪ ಮುಂದೆ ಹೋಗಲಾರದೆ ಬೆವೆತರಂತೆ, ನೆಂಟರು ನಕ್ಕರಂತೆ. ಅಲ್ಲಿಗೆ ಮುಗಿಯಿತು. ಅಂದಿನಿಂದ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆಯಲಿಲ್ಲ. ಬೇಕಾದಾಗ ಕತ್ತರಿಯನ್ನು ಮೇಜಿಗೆ ಟಕ್ ಎನಿಸುತ್ತಿದ್ದರು, ದಾಕ್ಷಾಯಣಮ್ಮ "ಬಂದೇ" ಎನ್ನುತ್ತಿದ್ದರು. ಸಂಸಾರ ಚೆನ್ನಾಗಿಯೇ ನಡೆಯಿತು.

ಆಮೇಲೆ ಚನ್ನವೀರಪ್ಪನವರ ಗಂಟಲಲ್ಲಿ ಗಂಟಾಯಿತು. ಹೊರಗಿನ ಊರಿನ ಡಾಕ್ಟರು ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಹೊರಡುವ ದಿನ ಬೆಳಿಗ್ಗೆ ಚನ್ನವೀರಪ್ಪ ತಾಮ್ರದ ಕೊಡದಲ್ಲಿ ಬಿಸಿನೀರು ತುಂಬಿಸಿಕೊಂಡು, ಬಾಗಿಲು ಹಾಕಿಕೊಂಡು, ಕೊಡದ ಬಾಯಿಗೆ ಬಾಯಿಟ್ಟು ಕೂತರು. ಹೊರಗೆ ಬಂದಾಗ ಅಂಗಿ ಒದ್ದೆಯಾಗಿತ್ತಂತೆ. ಆಪರೇಷನ್ ಆಯಿತು. ಅವರು ಬದುಕಿ ಬಂದರು, ಕುತ್ತಿಗೆಯ ತೂತಿನ ಮೇಲೆ ತಾವೇ ಹೊಲಿದುಕೊಂಡ ಬಿಳಿ ಬಟ್ಟೆ ಕಟ್ಟಿಕೊಂಡರು, ಮತ್ತೆ ಮಷಿನ್ ತುಳಿಯತೊಡಗಿದರು. ದಾಕ್ಷಾಯಣಮ್ಮ ಕೊಡದಿಂದ ಒಂದು ಚಮಚ ತೆಗೆದು ಕುಡಿದರು. ಅದರಲ್ಲಿ ಗಂಡನ ದನಿಯಲ್ಲಿ, ಪೂರ್ತಿಯಾಗಿ, ಅವರ ಹೆಸರಿತ್ತು.

ಅಂದಿನಿಂದ ಸೋಮವಾರ ಒಂದು ಚಮಚ. ಹಬ್ಬಕ್ಕೆ ಒಂದು ಚಮಚ. ಮನಸ್ಸು ಸರಿಯಿಲ್ಲದಿದ್ದರೆ ಒಂದು ಚಮಚ, ಬಹಳ ಚೆನ್ನಾಗಿದ್ದರೂ ಒಂದು ಚಮಚ. ನಮ್ಮಲ್ಲಿ ಒಂದು ಕಟ್ಟಳೆ ಇದೆ: ಮಾತಿರುವ ಕೊಡ ಕಂಠದಿಂದ ಕೆಳಗೆ ಇಳಿಯಬಾರದು. ಒಂದು ಚಮಚ ತೆಗೆದರೆ ಒಂದು ಚಮಚ ನೀರು ಹಾಕಬೇಕು. ಮನೆಮನೆಯ ಆಶೀರ್ವಾದದ ಕೊಡಗಳಿಗೆ ಇದರಿಂದ ಏನೂ ಆಗುವುದಿಲ್ಲ, ಹಬ್ಬ ಹರಿದಿನಕ್ಕೆ ಹಿರಿಯರು ಯಾರಾದರೂ ಬಗ್ಗಿ "ನೂರ್ಕಾಲ ಬಾಳಿ" ಎಂದು ಮತ್ತೆ ತುಂಬಿಸುತ್ತಾರೆ. ಚನ್ನವೀರಪ್ಪನವರ ಕೊಡವನ್ನು ತುಂಬಿಸುವವರು ಯಾರು? ದಾಕ್ಷಾಯಣಮ್ಮ ಬಹಳ ಶ್ರದ್ಧೆಯ ಹೆಂಗಸು. ಒಂದು ದಿನವೂ ತಪ್ಪದೆ ಕಟ್ಟಳೆ ಪಾಲಿಸಿದರು. ಹಾಕಿದ ನೀರೋ, ಬೀದಿ ಬಾಗಿಲ ಪಕ್ಕ ತೆರೆದಿಟ್ಟ ಬಿಂದಿಗೆಯದು. ಅದರೊಳಗೆ ಹೊನ್ನಮ್ಮ ದಿನಾ ಬೆಳಿಗ್ಗೆ ಕೂಗುತ್ತ ಹೋಗುತ್ತಿದ್ದಳು.

"ಕೊಡ ತುಂಬಿರೋದ್ ನೋಡಿ ಎಲ್ಲಾ ಇದೆ ಅನ್ಕೊಂಡಿದ್ದೆ ಟೀಚರ್. ತಳದಲ್ಲಿ ಅವ್ರ ಮಾತು ಆರಿ ಕೂತ ಸಣ್ಣ ಸಣ್ಣ ಹರಳಿದ್ವು, ಅವೂ ಕಾಣಿಸ್ತಿಲ್ಲ. ನಾನೇ ಕೈಯಾರೆ ಅವ್ರನ್ನ ಕಳಕೊಂಡ್ನಲ್ಲ!" ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ನನಗೆ ನಿಜವಾಗಿ ಸಂಕಟವಾಯಿತು. ಜೊತೆಗೆ, ಮುಚ್ಚಿಡುವುದೇಕೆ, ಸಂತೋಷವೂ ಆಯಿತು, ಏಕೆಂದರೆ ಉತ್ತರ ನನಗೆ ಗೊತ್ತಿತ್ತು. ಟೀಚರುಗಳಿಗೆ ಇದೊಂದು ಕಾಯಿಲೆ. ಎದುರಿನವರು ಅಳುತ್ತಿದ್ದರೂ ಕೈಗೆ ಸೀಮೆಸುಣ್ಣ ಬಂದುಬಿಡುತ್ತದೆ.

"ಅಳಬೇಡಿ, ಇಲ್ಲಿ ಕೇಳಿ," ಎಂದೆ. "ನೀವು ಕುಡಿದದ್ದು ಕುಡಿದ ಹಾಗೇ, ಅದು ಬರಲ್ಲ. ಉಳಿದದ್ದು ಎಲ್ಲೂ ಹೋಗಿಲ್ಲ. ಹರಳೂ ನೀರು ಹೆಚ್ಚಾಗಿದ್ದಕ್ಕೆ ಕರಗಿದೆ ಅಷ್ಟೆ. ಎಲ್ಲಾ ತೆಳ್ಳಗೆ ಹರಡ್ಕೊಂಡಿದೆ. ನೀರು ತೆಗೆದ್ರೆ ಅವರು ಸಿಗ್ತಾರೆ."

"ಹೊನ್ನಮ್ಮ?"

"ಅವಳೂ ಸಿಗ್ತಾಳೆ. ಆಮೇಲೆ ಬೇರೆ ಮಾಡೋಣ."

ದಾಕ್ಷಾಯಣಮ್ಮ ಮೂಗೊರೆಸಿಕೊಂಡು, "ಸೋಸಿ ಆಯ್ತು," ಎಂದರು. ಪಕ್ಕದ ಮನೆಯವರ ಮಾತು ಕೇಳಿ ಒಳ್ಳೆಯ ಮಲ್‌ಮಲ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದ್ದರಂತೆ. ಬಟ್ಟೆಯ ಮೇಲೆ ಒಂದಿಷ್ಟು ಧೂಳು, ಒಂದು ಸತ್ತ ಇರುವೆ ನಿಂತವು. ಹೊನ್ನಮ್ಮ ಬುಟ್ಟಿಸಮೇತ ಕೆಳಗಿಳಿದು ಹೋದಳು. ನೀರಿನಲ್ಲಿ ತೇಲಾಡುವುದನ್ನು ಬಟ್ಟೆ ಹಿಡಿಯುತ್ತದೆ, ಕರಗಿದ್ದನ್ನು ಹಿಡಿಯುವುದಿಲ್ಲ. ಇದನ್ನು ನಾನು ಹಿಂದಿನ ವಾರವಷ್ಟೇ ಮಕ್ಕಳಿಗೆ ಹೇಳಿದ್ದೆ. ಕುದಿಸಿಬಿಡಲೇ ಎಂದು ಕೇಳಿದರು. ಬೇಡವೇ ಬೇಡ ಎಂದೆ. ನೀರು ಕಡಿಮೆಯಾದ ಹೊತ್ತಿಗೆ ಉರಿ ಹೆಚ್ಚಾದರೆ ಮಾತು ಸೀದುಹೋಗುತ್ತದೆ. ಹೋಟೆಲಿನವರು ಒಮ್ಮೆ ಅವಸರದಲ್ಲಿ ಬತ್ತಿಸಿದ ಆಶೀರ್ವಾದ ಬೈಗುಳದ ಹಾಗೆ ಕೇಳಿಸಿ, ಮದುವೆಮನೆಯಲ್ಲಿ ಜಗಳವೇ ಆಗಿತ್ತು. "ಬಿಸಿಲಿಗಿಡೋಣ. ಬಿಸಿಲಿಗೆ ಆತುರ ಇಲ್ಲ," ಎಂದೆ.

ಸಂಜೆ ಅವರ ಮನೆಗೆ ಹೋದೆ. ಚನ್ನವೀರಪ್ಪ ಯಾರದೋ ಲಂಗಕ್ಕೆ ಅಂಚು ಕೂರಿಸುತ್ತಿದ್ದರು. ನನ್ನನ್ನು ನೋಡಿ ಎದ್ದು, ಕುರ್ಚಿಯ ಮೇಲಿನ ಬಟ್ಟೆ ಸರಿಸಿ ಕೂರಿಸಿದರು. ಈಗ ಅವರು ಮಾತಿಗೆ ಬಳಸುವುದು ಒಂದು ಕಪ್ಪು ಬಟ್ಟೆಯ ತುಂಡು ಮತ್ತು ಗುರುತು ಹಾಕುವ ಟೈಲರ್ ಸೀಮೆಸುಣ್ಣ. ಬರೆಯುವುದು, ಕೊಡವಿದರೆ ಅಳಿಸಿಹೋಗುವುದು. ಸೊಗಸಾದ ಅಕ್ಷರ. ನಾನು ಹರಳು ಕಟ್ಟಿಸುವ ಕ್ರಮವನ್ನು ಇಬ್ಬರಿಗೂ ಹೇಳಿದೆ. ನೀರನ್ನು ಬತ್ತಿಸಿ ಗಟ್ಟಿ ಮಾಡಬೇಕು. ಇನ್ನೊಂದು ಮಾತೂ ಹಿಡಿಸದು ಎನ್ನುವ ಹಂತಕ್ಕೆ ಬಂದರೆ ಅದು ಸಂತೃಪ್ತ ದ್ರಾವಣ. ಅದನ್ನು ಹದವಾಗಿ ಬಿಸಿ ಮಾಡಿ, ದಾರ ಇಳಿಬಿಟ್ಟು, ಮೆಲ್ಲಗೆ ಆರಲು ಬಿಟ್ಟರೆ ದಾರದ ಮೇಲೆ ಹರಳು ಕೂರುತ್ತದೆ. "ಹರಳು ಅಂದ್ರೆ ಬಹಳ ಮಡಿವಂತ ಜಾತಿ," ಎಂದೆ. "ತನ್ನ ಥರದ್ದು ಬಿಟ್ರೆ ಇನ್ನೊಂದನ್ನ ಸಾಲಿನಲ್ಲಿ ಕೂರಿಸಿಕೊಳ್ಳಲ್ಲ. ಹೊನ್ನಮ್ಮನ ಗಂಟಲು ಜೋರು, ಆದ್ರೆ ಅಳತೆಗೆ ಕೊಡದಲ್ಲಿ ನಿಮ್ಮ ಮಾತೇ ಹೆಚ್ಚಿರೋದ್ರಿಂದ ಮೊದಲು ಕೂರೋದು ಅದೇ. ಹೊನ್ನಮ್ಮ ನೀರಲ್ಲೇ ಉಳೀತಾಳೆ."

ಚನ್ನವೀರಪ್ಪ ಸೀಮೆಸುಣ್ಣ ಎತ್ತಿಕೊಂಡರು. ಆಮೇಲೆ ಬಟ್ಟೆಯ ಮೇಲೆ ಬರೆದು ನನ್ನ ಕಡೆ ತಿರುಗಿಸಿದರು: "ನನ್ನ ತೊದಲು?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಯೋಚಿಸಿ ನೋಡಿದರೆ ನಿಜ. ಇಡೀ ಮಾತುಗಳ ಸಾಲಿನಲ್ಲಿ ತುಂಡು ಅಕ್ಷರಗಳಿಗೆ ಜಾಗವಿರದು. "ಅದೂ ನೀರಲ್ಲೇ ಉಳಿಯುತ್ತೆ ಅನ್ಸುತ್ತೆ," ಎಂದೆ.

ಅವರ ಮುಖದಲ್ಲಿ ಬಂದ ಬೆಳಕನ್ನು ನಾನು ಮರೆಯಲಾರೆ. ಬಟ್ಟೆ ಕೊಡವಿ ಮತ್ತೆ ಬರೆದರು: "ಹಾಗೇ ಮಾಡಿ. ಒಂದು ಸಲ ನೆಟ್ಟಗೆ ಮಾತಾಡಿದ್ದು ಕೇಳಬೇಕು."

ದಾಕ್ಷಾಯಣಮ್ಮ ಓದಿ, "ಅದ್ಯಾಕೆ ರೀ? ಇದ್ದ ಹಂಗೇ ಇರ್ಲಿ ಬಿಡಿ," ಎಂದರು. ಚನ್ನವೀರಪ್ಪ ಬರೆದದ್ದನ್ನು ಅಳಿಸಲಿಲ್ಲ, ಅದರ ಕೆಳಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ದಾಕ್ಷಾಯಣಮ್ಮ ಆ ಗೆರೆಯನ್ನು ನೋಡುತ್ತ ನಿಂತರು. "ಅವ್ರ ಗಂಟಲು, ಅವ್ರಿಷ್ಟ ಟೀಚರ್," ಎಂದು ಕಾಫಿ ಮಾಡಲು ಒಳಗೆ ಹೋದರು. ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತಿದ್ದರು. ನಾನೂ ಚನ್ನವೀರಪ್ಪನವರೂ ಒಬ್ಬರಿಗೊಬ್ಬರು ಹೇಳದೆ ಹಾಗೇ ಕುಡಿದೆವು.

ಮಾಳಿಗೆಯ ಮೇಲೆ ಅಗಲವಾದ ಸ್ಟೀಲ್ ತಟ್ಟೆಗಳಲ್ಲಿ ಕೊಡದ ನೀರನ್ನು ಸುರಿದು, ಮೇಲೆ ಮಲ್‌ಮಲ್ ಕಟ್ಟಿ ಬಿಸಿಲಿಗಿಟ್ಟೆವು. ಅಗಲ ಪಾತ್ರೆಯಲ್ಲಿ ನೀರು ಬೇಗ ಆರುತ್ತದೆ. ತೊಂದರೆಯೆಂದರೆ ಅಷ್ಟೂ ಅಗಲಕ್ಕೆ ಬೀದಿಯ ಮಾತೂ ಬೀಳುತ್ತದೆ. ಆದರೆ ನಮ್ಮ ಬೀದಿಯವರ ಬಗ್ಗೆ ನಾನು ಒಂದು ಒಳ್ಳೆಯ ಮಾತು ಹೇಳಲೇಬೇಕು. ಯಾರೂ ಹೇಳದೆಯೇ ಎಲ್ಲರೂ ದನಿ ತಗ್ಗಿಸಿದರು. ಬೆಳಗಿನ ಜಗಳಗಳನ್ನು ಹಿತ್ತಲಿಗೆ ಸಾಗಿಸಿದರು. ಮಕ್ಕಳ ಕ್ರಿಕೆಟ್ಟಿನಲ್ಲಿ ಔಟಾದವನು ಔಟಿಲ್ಲ ಎಂದು ಕೈಸನ್ನೆಯಲ್ಲೇ ವಾದಿಸಿದ. ಹೊನ್ನಮ್ಮ ಮಾತ್ರ ಮೊದಲ ದಿನ ಕೆಂಡವಾದಳು. "ಕೂಗದಿದ್ರೆ ನನ್ ಸೊಪ್ಪು ಯಾವಳ್ ತಗೋತಾಳೆ? ಒಣಗಿದ್ ಮೇಲೆ ನಿಮ್ ಟೀಚರ್ ಬಂದ್ ತಿಂತಾರಾ?" ಎಂದು ಬೀದಿಯ ಆ ತುದಿಯಲ್ಲೇ ನಿಂತು ಕೇಳಿದಳು. ಯಾಕಾಗಿ ಎಂದು ದಾಕ್ಷಾಯಣಮ್ಮ ಅವಳ ಕಿವಿಯಲ್ಲಿ ಹೇಳಿದರು. ಹೊನ್ನಮ್ಮ ಬುಟ್ಟಿ ಕೆಳಗಿಳಿಸಿದಳು. "ನಾನು ನಿಮ್ ಯಜಮಾನ್ರ ಮೇಲೆ ಕೂತಿದ್ನಾ ಇಷ್ಟು ದಿನ? ಅಯ್ಯೋ ಶಿವನೇ," ಎಂದಳು. ಮರುದಿನದಿಂದ ಬಾಗಿಲು ಬಾಗಿಲಿಗೂ ಹೋಗಿ ಒಂದೊಂದು ಎಸಳು ಕೊತ್ತಂಬರಿಯನ್ನು ಮೂಗಿನ ಹತ್ತಿರ ಆಡಿಸತೊಡಗಿದಳು. ವ್ಯಾಪಾರ ಮೊದಲಿಗಿಂತ ಜೋರಾಯಿತು.

ನನ್ನ ತರಗತಿಯ ಮಕ್ಕಳೂ ಬಂದರು. ಬಾಯಿಯ ಮೇಲೆ ಬೆರಳಿಟ್ಟುಕೊಂಡು ಮೆಟ್ಟಿಲು ಹತ್ತಿ, ತಟ್ಟೆಗಳನ್ನು ನೋಡಿ, ಹಾಗೇ ಇಳಿಯುತ್ತಿದ್ದವು. ದಿನಾ ಸಂಜೆ ನಾನು ಸೂಜಿಯ ಮೊನೆಯಲ್ಲಿ ಒಂದು ಹನಿ ನಾಲಿಗೆಗಿಟ್ಟು ನೋಡುತ್ತಿದ್ದೆ. ಗಂಡಸಿನ ದನಿ ಒಂದು ಗೋಡೆ ದಾಟಿತು. ಆಮೇಲೆ ಇನ್ನೊಂದು ಗೋಡೆ ದಾಟಿತು. ಕೊನೆಗೆ ಎದುರಿಗೇ ಬಂದು ನಿಂತಾಗ, ಕೇಳಬಾರದೆಂದು ಬೇಗ ಬೇಗ ಬಾಯಿ ಮುಕ್ಕಳಿಸಿದೆ. ತಟ್ಟೆಯ ಅಂಚಿನಲ್ಲಿ ಸಣ್ಣ ಹರಳುಗಳು ಕಾಣಿಸಿಕೊಂಡವು. ನೀರಿಗೆ ಹೊಟ್ಟೆ ತುಂಬಿತ್ತು. ಎಲ್ಲ ತಟ್ಟೆಗಳದ್ದನ್ನೂ ಒಂದು ಬಟ್ಟಲಿಗೆ ಕೂಡಿಸಿದರೆ ಅರ್ಧ ಬಟ್ಟಲೂ ಆಗಲಿಲ್ಲ. ಆ ದೊಡ್ಡ ಕೊಡದಲ್ಲಿದ್ದ ಚನ್ನವೀರಪ್ಪ ಇಷ್ಟೇ.

ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಕೂರಿಸಿ ಕಾಯಿಸಿದೆ. ಅಂಚಿನ ಹರಳುಗಳೆಲ್ಲ ಕರಗಿ ತಿಳಿಯಾಯಿತು. ಚನ್ನವೀರಪ್ಪ ತಮ್ಮ ರೀಲಿನಿಂದ ಬಿಳಿ ದಾರ ಕತ್ತರಿಸಿ, ಪೆನ್ಸಿಲಿಗೆ ಕಟ್ಟಿ ಬಟ್ಟಲಿನೊಳಗೆ ಇಳಿಬಿಟ್ಟರು. ಯಾರೂ ಅಲುಗಿಸಬಾರದು, ಅಲುಗಿಸಿದರೆ ಹರಳು ಪುಡಿಪುಡಿಯಾಗಿ ಬೀಳುತ್ತದೆ, ಆರಾಮವಾಗಿ ಬಿಟ್ಟರೆ ದೊಡ್ಡದಾಗಿ ಕಟ್ಟುತ್ತದೆ ಎಂದು ಹೇಳಿ ನಾನು ಮನೆಗೆ ಬಂದೆ. ಮಾರನೆಯ ದಿನ ಭಾನುವಾರ. ನಾಷ್ಟಾ ಮುಗಿಸಿ ಹೋದರೆ ಗಂಡಹೆಂಡಿರಿಬ್ಬರೂ ಬಟ್ಟಲಿನ ಆಚೆಗೊಬ್ಬರು ಈಚೆಗೊಬ್ಬರು, ಮಗು ಮಲಗಿದೆ ಎಂಬಂತೆ ಕೂತಿದ್ದರು. ದಾರದ ತುಂಬ ಕಲ್ಲುಸಕ್ಕರೆಯಂಥ ಹರಳು. ಎಷ್ಟು ತಿಳಿ ಎಂದರೆ ಒಳಗಿನ ದಾರದ ಹುರಿ ಕಾಣುತ್ತಿತ್ತು. ಬಟ್ಟಲಿನ ತಳದಲ್ಲಿ ಚಹಾದ ಬಣ್ಣದ ಸ್ವಲ್ಪ ನೀರು ಉಳಿದಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಮೊದಲು ನೀವೇ ಎಂದು ಚನ್ನವೀರಪ್ಪನವರಿಗೆ ಒಂದು ಹರಳು ಮುರಿದು ಕೊಟ್ಟೆ. ಅವರು ಅದನ್ನು ನಾಲಿಗೆಯ ಮೇಲಿಟ್ಟುಕೊಂಡರು. ಬಗ್ಗಿ ಬಗ್ಗಿ ಗೂನಾಗಿದ್ದ ಟೈಲರ್ ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಕಣ್ಣಲ್ಲಿ ನೀರು ತುಂಬಿತು. ಎದೆಯ ಮೇಲೆ ಕೈಯಿಟ್ಟು, ಇದು ನಾನು, ನಾನು ಎಂದು ನನಗೆ ತೋರಿಸಿದರು. ಅವರೇ ಒತ್ತಾಯಿಸಿದ್ದರಿಂದ ನಾನೂ ಒಂದು ಚೂರು ಬಾಯಿಗೆ ಹಾಕಿಕೊಂಡೆ. ತುಂಬುದನಿ, ಎಲ್ಲೂ ತಡೆಯಿಲ್ಲ:

"ದಾಕ್ಷಾಯಣಿ, ನಿನ್ನ ಸಾರಿಗೆ ಉಪ್ಪು ಕಮ್ಮಿ. ಮದುವೆಯಾದಾಗಿಂದ ಕಮ್ಮಿ. ಹೇಳೋಣ ಅಂದ್ರೆ, ನಾನು ಹೇಳಿ ಮುಗಿಸೋಷ್ಟರಲ್ಲಿ ಸಾರು ಆರಿಹೋಗತ್ತೆ, ಯಾಕೆ ಅಂತ ಸುಮ್ಮನೆ ಉಂಡೆ. ಹೀಗೆ ಸುಮ್ಮನೆ ಇದ್ದದ್ದು ಇನ್ನೂ ಬಹಳ ಇದೆ. ಹಸಿರು ಸೀರೆ ನಿಂಗೆ ಚೆನ್ನಾಗಿ ಕಾಣತ್ತೆ. ನೀನು ಅಂಗಡಿಗೆ ಬಂದ್ರೆ ನಂಗೆ ಹೊಲಿಗೆ ತಪ್ಪತ್ತೆ. ನಾಳೆಯಿಂದ ಹೇಳಕ್ಕಾಗಲ್ಲ ಅಂತ ಈಗ ಹೇಳ್ತಿದೀನಿ. ದಾಕ್ಷಾಯಣಿ. ದಾಕ್ಷಾಯಣಿ. ಅಷ್ಟೇ."

ದಾಕ್ಷಾಯಣಮ್ಮನ ಕಡೆ ನೋಡಿದೆ. ಅವರು ತಮ್ಮ ಪಾಲಿನ ಹರಳನ್ನು ಚೀಪಿ, ಅಪರಿಚಿತರ ಮನೆಗೆ ಬಂದವರ ಹಾಗೆ ಕೂತಿದ್ದರು. "ಚೆನ್ನಾಗಿದೆ. ರೇಡಿಯೋದಲ್ಲಿ ವಾರ್ತೆ ಓದೋರ ಹಂಗೆ, ಬಹಳ ಚೆನ್ನಾಗಿದೆ," ಎಂದರು. ಗಂಡನ ಸಂತೋಷ ನೋಡಿ ತಾವೂ ನಕ್ಕರು. ಆ ನಗು ಕಣ್ಣಿನವರೆಗೆ ಹೋಗಲಿಲ್ಲ. ಚನ್ನವೀರಪ್ಪ ಹರಳುಗಳನ್ನು ಇಡಲು ಡಬ್ಬಿ ಹುಡುಕುತ್ತ ಒಳಗೆ ಹೋದರು. ನಾನು ಬಟ್ಟಲು ತೊಳೆಯೋಣವೆಂದು ಕೈ ಹಾಕಿದೆ. "ಇರಿ ಟೀಚರ್," ಎಂದವರೇ ದಾಕ್ಷಾಯಣಮ್ಮ ಉಳಿದ ಕಂದುನೀರಿನಲ್ಲಿ ಬೆರಳದ್ದಿ ನಾಲಿಗೆಗಿಟ್ಟುಕೊಂಡರು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅವರ ಇಡೀ ಮೈ ನಕ್ಕಿತು. ನಗುತ್ತ ಅಳುತ್ತ ನನ್ನ ತೋಳು ಹಿಡಿದುಕೊಂಡರು. "ಇಲ್ಲಿದಾರೆ ಟೀಚರ್! ಇವ್ರು ಇಲ್ಲಿದಾರೆ! ನೋಡಿ, ಕುಡಿದ್ ನೋಡಿ!"

ನಾನೂ ಬೆರಳದ್ದಿದೆ. "ದ... ದ... ಕೊತ್ತಂಬ್ರೀ... ದ... ದ... ಸ... ಮೆಂತ್ಯಾ... ದ..." ಅದರಲ್ಲಿ ಒಂದೂ ಇಡೀ ಮಾತಿರಲಿಲ್ಲ. ಇದ್ದದ್ದು ಉಸಿರು ಎಳೆದುಕೊಂಡದ್ದು, ಅಕ್ಷರಕ್ಕೆ ಹಣೆ ಚಚ್ಚಿಕೊಂಡದ್ದು, ಬಿಡದೆ ಮತ್ತೆ ಅಲ್ಲಿಗೇ ಬಂದದ್ದು. ಒಬ್ಬ ಮನುಷ್ಯ ಬಾಗಿಲು ಹಾಕಿಕೊಂಡು, ಅಂಗಿ ಒದ್ದೆಯಾಗುವವರೆಗೆ ಒಂದೇ ಹೆಸರನ್ನು ಎತ್ತಲು ಹೆಣಗಿದ್ದು ಎಲ್ಲವೂ ಆ ಬಟ್ಟಲಿನ ತಳದಲ್ಲಿತ್ತು. ನಾನು ಅದನ್ನು ಚರಂಡಿಗೆ ಚೆಲ್ಲಲು ಹೊರಟಿದ್ದೆ. ಶುದ್ಧ ಮಾಡುವುದೆಂದರೆ ಬೇಡದ್ದನ್ನು ಬಿಡುವುದು ಎಂದು ಮಕ್ಕಳಿಗೆ ಬರೆಸಿದ್ದೇನೆ. ಬೇಡದ್ದು ಯಾರಿಗೆ ಎಂದು ಒಂದು ಮಗುವೂ ಕೇಳಿರಲಿಲ್ಲ.

ಚನ್ನವೀರಪ್ಪ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹೆಂಡತಿ ಮತ್ತೆ ಬೆರಳದ್ದುವುದನ್ನು, ಮತ್ತೆ ನಗುವುದನ್ನು ನೋಡುತ್ತಿದ್ದರು. ನೆಂಟರು ನಕ್ಕ ನಗುವಲ್ಲ ಇದು. ಅವರು ಮೆಲ್ಲಗೆ ಬಂದು ಬಟ್ಟಲಿನ ಪಕ್ಕ ಕೂತರು, ದಾರದಲ್ಲಿದ್ದ ಹರಳುಗಳನ್ನು ಉಗುರಿನಿಂದ ಬಿಡಿಸಿ ಒಂದೊಂದಾಗಿ ಆ ಕಂದುನೀರಿಗೆ ಹಾಕತೊಡಗಿದರು.

"ಬೇಡ ರೀ," ದಾಕ್ಷಾಯಣಮ್ಮ ಅವರ ಕೈ ಹಿಡಿದುಕೊಂಡರು. "ನಿಮ್ಗೆ ಅಷ್ಟು ಇಷ್ಟ ಆಗಿತ್ತಲ್ಲ. ಇಟ್ಕೊಳ್ಳಿ. ನಂಗೆ ಈ ನೀರೇ ಸಾಕು."

ಅವರು ಕೈ ಬಿಡಿಸಿಕೊಂಡರು. ಒಂದು ಹರಳನ್ನು ಮಾತ್ರ ತಮಗೆಂದು ಡಬ್ಬಿಗೆ ಹಾಕಿಕೊಂಡು, ಮಿಕ್ಕದ್ದನ್ನೆಲ್ಲ ಬಟ್ಟಲಿಗೆ ಸುರಿದರು. ನಾನು ಎದ್ದು ಬಿಸಿನೀರು ತಂದು, ಕರಗುವಷ್ಟು ಮಾತ್ರ ಸ್ವಲ್ಪ ಹಾಕಿದೆ. ಅವರು ಚಮಚದಿಂದ ಕಲಕಿದರು. ಹರಳುಗಳ ಅಂಚು ಮಸುಕಾಯಿತು, ಸಣ್ಣದಾಯಿತು, ಇಲ್ಲವಾಯಿತು. ದಾಕ್ಷಾಯಣಮ್ಮ ಒಂದು ಚಮಚ ಕುಡಿದು ಕಣ್ಣು ಮುಚ್ಚಿದರು. ನಾವಿಬ್ಬರೂ ಕಾದೆವು. ಹೊರಗೆ ಯಾರದೋ ಮನೆಯ ಒಗ್ಗರಣೆ ಚಟಪಟ ಎಂದಿತು.

"ಬಂತು," ಎಂದರು ದಾಕ್ಷಾಯಣಮ್ಮ ಕಣ್ಣು ಬಿಡದೆಯೇ. "ಹೊನ್ನಮ್ಮನೂ ಇದಾಳೆ. ಇರ್ಲಿ ಬಿಡಿ."

ಬಟ್ಟಲಿನಲ್ಲಿ ಇನ್ನು ಕೆಲವು ಚಮಚಗಳಷ್ಟೇ ಇತ್ತು. ಮತ್ತೆ ನೀರು ಹಾಕಿ ತುಂಬಿಸಬೇಡಿ, ತೆಗೆದಷ್ಟೂ ಮುಗಿಯುತ್ತದೆ, ಲೆಕ್ಕ ಇಟ್ಟುಕೊಂಡು ಕುಡಿಯಿರಿ ಎಂದು ಎಚ್ಚರಿಸಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಚನ್ನವೀರಪ್ಪ ಹೆಂಡತಿಯ ಭುಜ ಮುಟ್ಟಿದರು. ಅವರು ಕಣ್ಣು ಬಿಟ್ಟರು. ಚನ್ನವೀರಪ್ಪ ಸೀಮೆಸುಣ್ಣವನ್ನೂ ತೆಗೆದುಕೊಳ್ಳಲಿಲ್ಲ, ಕಪ್ಪು ಬಟ್ಟೆಯನ್ನೂ ಎಳೆದುಕೊಳ್ಳಲಿಲ್ಲ. ಅವರ ಬಾಯಿ ತೆರೆಯಿತು. ಆಪರೇಷನ್ ಆದಮೇಲೆ ಊಟಕ್ಕಲ್ಲದೆ ಆ ಬಾಯಿ ತೆರೆದದ್ದನ್ನು ಯಾರೂ ನೋಡಿರಲಿಲ್ಲ. ನಾಲಿಗೆಯ ತುದಿ ಮೇಲುಹಲ್ಲಿಗೆ ತಾಗಿತು, ಬಿಟ್ಟಿತು. ಮತ್ತೆ ತಾಗಿತು, ಬಿಟ್ಟಿತು. ದನಿಯಿಲ್ಲ, ಉಸಿರೂ ಇಲ್ಲ, ಕುತ್ತಿಗೆಯ ಬಿಳಿ ಬಟ್ಟೆ ಮಾತ್ರ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ನನಗೆ ಆ ಹೆಸರು ಗೊತ್ತಿತ್ತು, ತುಟಿಯ ಮೇಲೇ ಇತ್ತು. ತೊದಲುವವರ ಮಾತನ್ನು ತಾವೇ ಮುಗಿಸಿಕೊಡುವುದು ನಮ್ಮೂರಿನವರೆಲ್ಲರ ಚಾಳಿ. ನಾನು ಬಾವಿಕಟ್ಟೆಯಲ್ಲೂ ಅಷ್ಟು ಬಿಗಿಯಾಗಿ ಬಾಯಿ ಮುಚ್ಚಿದವಳಲ್ಲ.

ದಾಕ್ಷಾಯಣಮ್ಮ ಅವಸರ ಮಾಡಲಿಲ್ಲ. ಗಂಡನ ಬಾಯನ್ನೇ ನೋಡುತ್ತ, ನಾಲಿಗೆ ಮೊದಲ ಅಕ್ಷರವನ್ನು ದಾಟಿ, ಎರಡನೆಯದನ್ನು ಹತ್ತಿ, ಕೊನೆಯದಕ್ಕೆ ಬಂದು ನಿಲ್ಲುವವರೆಗೂ ಕಾದರು. ಪೂರ್ತಿಯಾಗಿ ಕರೆದದ್ದಾದ ಮೇಲೆ, ಪಕ್ಕದ ಕೋಣೆಯಿಂದ ಓಗೊಡುವವರ ಹಾಗೆ, ದೊಡ್ಡ ದನಿಯಲ್ಲಿ ಹೇಳಿದರು:

"ಏನ್ರೀ?"